ಮ್ಯೂಸಿಯಮ್ಮಿಗೆ ಹೋದ ಮಸೆಗಲ್ಲು

ನದಿಯ ದಂಡೆಯ ಮೇಲೆ ಮೌನೇಶಾಚಾರ್ಯರ ಶಿಲ್ಪಶಾಲೆ. ಅಲ್ಲಿ ಹದಿನಾಲ್ಕು ವರ್ಷ ಉಳಿ ಹಿಡಿದು ಪಳಗಿದ ಶಿಷ್ಯ ಕಾಳಪ್ಪ.

ಕಾಳಪ್ಪನ ಕೈ ಒಳ್ಳೆಯ ಕೈ. ಅದು ಊರಿಗೆ ಗೊತ್ತಿತ್ತು. ಊರಿಗಿಂತ ಚೆನ್ನಾಗಿ ಕಾಳಪ್ಪನಿಗೆ ಗೊತ್ತಿತ್ತು.

ಎರಡು ವರ್ಷ ಏಳು ತಿಂಗಳು ಕೂತು ಅವನೊಂದು ಚಾಮರಧಾರಿಣಿಯನ್ನು ಕೆತ್ತಿದ್ದ. ಬಳಪದ ಕಲ್ಲು. ಕೊರಳ ಸರದ ಮಣಿಗಳು ಬೆರಳು ತಾಗಿಸಿದರೆ ಒಂದೊಂದಾಗಿ ತಿರುಗುತ್ತಿದ್ದವು. ಚಾಮರದ ಎಳೆಗಳ ನಡುವೆ ಹೊಲಿಗೆಯ ದಾರ ತೂರಿಸಬಹುದಿತ್ತು. ಬಂದವರಿಗೆಲ್ಲ ಅವನೇ ದಾರ ತೂರಿಸಿ ತೋರಿಸುತ್ತಿದ್ದ.

ಗುರುಗಳು ಮಾತ್ರ ಅದನ್ನು ಒಮ್ಮೆ ಸುತ್ತು ಹಾಕಿ ನೋಡಿದ್ದರು. ತಲೆಯಾಡಿಸಿದ್ದರು. ತಮ್ಮ ಕೆಲಸಕ್ಕೆ ಹೋಗಿದ್ದರು.

ನಗರದಲ್ಲಿ ಹೊಸದಾಗಿ ಆಧುನಿಕ ಕಲೆಯ ಮ್ಯೂಸಿಯಂ ತೆರೆಯುತ್ತಿತ್ತು. ಅಲ್ಲಿಂದ ಒಂದು ಕಾಗದ ಬಂತು. ಮೊದಲ ಪ್ರದರ್ಶನಕ್ಕೆ ನಿಮ್ಮ ಶಾಲೆಯಿಂದ ಒಂದು ಕೃತಿ ಬೇಕು, ಒಂದೇ ಒಂದು, ನಾವೇ ಬಂದು ಆರಿಸುತ್ತೇವೆ ಎಂದು ಅದರಲ್ಲಿತ್ತು.

ಕಾಳಪ್ಪ ಚಾಮರಧಾರಿಣಿಗೆ ಎಣ್ಣೆ ಒರೆಸಿದ. ಬೆಳಗಿನ ಬಿಸಿಲು ಓರೆಯಾಗಿ ಬೀಳುವ ಕಡೆ ನಿಲ್ಲಿಸಿದ. ತಾನೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ.

ಬಂದವರು ಮ್ಯೂಸಿಯಮ್ಮಿನ ಹಿರಿಯ ಅಧಿಕಾರಿ, ದೇಚಮ್ಮ ಎಂಬುವರು. ನರೆತ ಕೂದಲು, ಕಡಿಮೆ ಮಾತು. ಚಾಮರಧಾರಿಣಿಯ ಮುಂದೆ ನಿಂತರು.

"ತುಂಬಾ ಚೆನ್ನಾಗಿದೆ," ಅಂದರು.

ಕಾಳಪ್ಪ ದಾರ ಕೈಗೆತ್ತಿಕೊಂಡ. ಅಷ್ಟರಲ್ಲಿ ಅವರು ಮುಂದೆ ಹೋಗಿಯಾಗಿತ್ತು.

ಬಾವಿಯ ಹತ್ತಿರ ಅವರ ಕಾಲು ನಿಂತಿತು. ಅಲ್ಲಿದ್ದದ್ದು ಮಸೆಗಲ್ಲು. ಎರಡು ಮೊಳ ಉದ್ದದ ಮರಳುಗಲ್ಲಿನ ದಿಮ್ಮಿ. ಗುರುಗಳ ತಾತನ ಕಾಲಕ್ಕೂ ಹಿಂದಿನಿಂದ ಶಾಲೆಯ ಉಳಿಗಳನ್ನೆಲ್ಲ ನೀರು ಹಾಕಿ ಮಸೆಯುತ್ತಿದ್ದದ್ದು ಅದರ ಮೇಲೆ. ಮಸೆದು ಮಸೆದು ಮೈಯೆಲ್ಲ ತಗ್ಗು, ಗೀರು. ಅದರೊಳಗೆ ಬೂದು ಬಣ್ಣದ ಕೆಸರು.

ದೇಚಮ್ಮ ಅರ್ಧ ಗಂಟೆ ಅದನ್ನೇ ನೋಡಿದರು. ಆಮೇಲೆ ಅಂದರು:

"ನಮಗೆ ಇದು ಬೇಕು."

ಕಾಳಪ್ಪನಿಗೆ ಮುಖಕ್ಕೆ ಹೊಡೆದ ಹಾಗಾಯಿತು.

"ಮೇಡಂ, ಅದು ಉಳಿ ಮಸೆಯೋ ಕಲ್ಲು!"

"ಗೊತ್ತು."

"ಅದನ್ನ ಯಾರೂ ಕೆತ್ತಿಲ್ಲ!"

ದೇಚಮ್ಮ ಗುರುಗಳ ಕಡೆ ತಿರುಗಿದರು. ಗುರುಗಳು, "ತಗೊಂಡು ಹೋಗಿ ತಾಯಿ," ಅಂದುಬಿಟ್ಟರು.

ಲಾರಿ ಬಂತು, ಕಲ್ಲು ಹೋಯಿತು. ಕಾಳಪ್ಪ ಮೂರು ದಿನ ಉಳಿ ಮುಟ್ಟಲಿಲ್ಲ. ನಾಲ್ಕನೆಯ ದಿನ ಗುರುಗಳ ಮುಂದೆ ಬಂದು ನಿಂತ.

"ನನಗೆ ಅಪ್ಪಣೆ ಕೊಡಿ. ಹೋಗ್ತೀನಿ."

"ಎಲ್ಲಿಗೆ?"

"ಗ್ರಾನೈಟ್ ಫ್ಯಾಕ್ಟರಿಗೆ. ಮಿಷನ್ ನಡೆಸ್ತೀನಿ."

"ಉಳಿ?"

"ಇಲ್ಲೇ ಇಟ್ಟು ಹೋಗ್ತೀನಿ. ಕೆಸರು ಮೆತ್ತಿದ ಕಲ್ಲಿಗೆ ಇರೋ ಮರ್ಯಾದೆ ನನ್ನ ಕೈಗಿಲ್ಲ ಅಂದಮೇಲೆ, ಇನ್ನು ಉಳಿ ಯಾಕೆ?"

ಗುರುಗಳು ಕೈಯ ಕಲ್ಲುಪುಡಿ ಕೊಡವಿಕೊಂಡು ಎದ್ದರು.

"ನಾನು ಮ್ಯೂಸಿಯಂ ನೋಡಿಲ್ಲ ಕಾಳಪ್ಪ. ನೀನೂ ನೋಡಿಲ್ಲ. ಹೋಗಿ ನೋಡೋಣ. ಅಲ್ಲಿ ನಿಂತು ಇನ್ನೊಂದು ಸಲ ಕೇಳು. ಕೊಡ್ತೀನಿ."

ಪ್ರದರ್ಶನ ತೆರೆದ ದಿನ ಇಬ್ಬರೂ ಬಸ್ಸು ಹತ್ತಿದರು.

ಮ್ಯೂಸಿಯಂ ಎತ್ತರದ ಕಟ್ಟಡ. ಗಾಜಿನ ಬಾಗಿಲು. ಗುರುಗಳು ಬಾಗಿಲ ಬಳಿ ಚಪ್ಪಲಿ ಬಿಟ್ಟರು.

ಕಾವಲಿಗಿದ್ದ ಹನೀಫ್ ಸಾಹೇಬರು ನಕ್ಕರು. "ಅಜ್ಜಾ, ಇದು ಗುಡಿ ಅಲ್ಲ. ಹಾಕ್ಕೊಂಡೇ ಹೋಗಿ."

"ಒಳಗೆ ಕೈಕೆಲಸ ಇಟ್ಟಿದಾರಲ್ಲಪ್ಪ?"

"ಇಟ್ಟಿದಾರೆ."

"ಹಾಗಾದ್ರೆ ಚಪ್ಪಲಿ ಇಲ್ಲೇ ಇರಲಿ."

ಕಾಳಪ್ಪ ಅತ್ತಿತ್ತ ನೋಡಿದ. ಯಾರೂ ನಗುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ತಾನೂ ಬಿಟ್ಟ.

ಮೊದಲ ಕೋಣೆಯಲ್ಲಿ ಗೋಡೆಯುದ್ದದ ಒಂದು ಚಿತ್ರ. ಪೂರ್ತಿ ಕೆಂಪು. ನಡುವೆ ಮೇಲಿಂದ ಕೆಳಕ್ಕೆ ಒಂದೇ ಒಂದು ಕಪ್ಪು ಗೆರೆ.

"ನೋಡಿ ಗುರುಗಳೇ," ಅಂದ ಕಾಳಪ್ಪ, "ನಮ್ಮೂರಲ್ಲಿ ಗೋಡೆಗೆ ಬಣ್ಣ ಬಳಿಯೋ ದೊಡ್ಡಸಿದ್ದನಿಗೆ ಹೇಳಿದ್ದಿದ್ರೆ ಮಧ್ಯಾಹ್ನದ ಊಟದೊಳಗೆ ಇಂಥವು ನಾಲ್ಕು ಮಾಡ್ತಿದ್ದ. ಗೆರೆ ಅವನಾಗೇ ಹಾಕ್ತಿದ್ದ. ಕೇಳೋದೇ ಬೇಡ."

ಗುರುಗಳು ಚಿತ್ರದ ಹತ್ತಿರ ಹೋದರು. ದೂರ ಬಂದರು. ಪಕ್ಕದಿಂದ ಬಗ್ಗಿ ನೋಡಿದರು.

"ಈ ಗೆರೆ ಒಂದೇ ಉಸಿರಲ್ಲಿ ಎಳೆದದ್ದು. ಎಲ್ಲೂ ಕೈ ಎತ್ತಿಲ್ಲ, ಎಲ್ಲೂ ತಿದ್ದಿಲ್ಲ. ನಿನ್ನ ಕೈಲಿ ಆಗುತ್ತಾ?"

"ಆಗುತ್ತೆ."

"ಒಂದೂವರೆ ಆಳು ಎತ್ತರ ಇದೆ."

ಕಾಳಪ್ಪ ಗೆರೆಯನ್ನು ಕಣ್ಣಲ್ಲೇ ಅಳೆದ. "ಆಗಬಹುದು," ಅಂದ.

"ಅಂತೂ ನೀನು ಕಣ್ಣಿಟ್ಟು ನೋಡಿದೆ," ಅಂದರು ಗುರುಗಳು.

ಎರಡನೆಯ ಕೋಣೆಯಲ್ಲಿ ಹಳೆಯ ಕಬ್ಬಿಣದ ಚೂರುಗಳನ್ನು ಬೆಸೆದು ಮಾಡಿದ ಒಂದು ದೊಡ್ಡ ಹಕ್ಕಿ. ಸುತ್ತ ಜನ ನಿಂತು ಫೋಟೋ ತೆಗೆಯುತ್ತಿದ್ದರು. ಗುರುಗಳು ಹಿಂದಕ್ಕೆ ಹೋಗಿ ನೋಡಿದರು.

"ಇದು ಸುಳ್ಳು."

ಕಾಳಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ನಾನೂ ಅದೇ ಅಂದುಕೊಂಡೆ!"

"ನೀನು ಯಾಕೆ ಅಂದುಕೊಂಡೆ?"

"ಹಕ್ಕಿ ಹಕ್ಕಿ ಥರಾನೇ ಇಲ್ವಲ್ಲ."

"ಅದಕ್ಕಲ್ಲ. ಜನ ನಿಲ್ಲೋ ಕಡೆ ಬೆಸುಗೆ ಉಜ್ಜಿದಾನೆ. ಹಿಂದೆ ಹಾಗೇ ಬಿಟ್ಟಿದಾನೆ. ಹಕ್ಕಿ ಮೇಲೆ ಅವನಿಗೆ ಮನಸ್ಸಿರಲಿಲ್ಲ. ನಮ್ಮ ಮೇಲಿತ್ತು."

ಮೂರನೆಯ ಕೋಣೆಗೆ ಬಂದರು.

ಕೋಣೆ ಅರೆಗತ್ತಲು. ನಡುವೆ ಕಪ್ಪು ಪೀಠ. ಪೀಠದ ಮೇಲೆ ಕಲ್ಲು. ಪಕ್ಕದಿಂದ ಒಂದೇ ದೀಪ.

ಕಾಳಪ್ಪನಿಗೆ ಮೊದಲು ಗುರುತೇ ಸಿಗಲಿಲ್ಲ. ಕೆಸರು ಹೋಗಿತ್ತು. ಬಾವಿಯ ಗೋಡೆಯ ಕಡೆಗಿದ್ದ ಮಗ್ಗುಲು ಈಗ ಜನರ ಕಡೆಗಿತ್ತು. ಓರೆ ಬೆಳಕಿನಲ್ಲಿ ಒಂದೊಂದು ತಗ್ಗಿಗೂ ಒಂದೊಂದು ನೆರಳು ಬಿದ್ದಿತ್ತು.

ಕಲ್ಲಿನ ಮುಂದೆ ರೇಷ್ಮೆ ಜುಬ್ಬದ ಒಬ್ಬರು ತಮ್ಮ ಹೆಂಡತಿಗೆ ವಿವರಿಸುತ್ತಿದ್ದರು.

"ಇದು ಅಲೆ ಕಣೇ. ಸಮುದ್ರದ ಅಲೆ ಅಲ್ಲ. ಕಾಲದ ಅಲೆ."

"ನನಗೆ ಪಡ್ಡಿನ ಹಂಚಿನ ಹಾಗೆ ಕಾಣುತ್ತಪ್ಪ," ಅಂದರು ಆಕೆ.

ಕಾಳಪ್ಪ ಕಿಸಕ್ಕನೆ ನಕ್ಕ. ಜುಬ್ಬದವರು ಅವನ ಬರಿಗಾಲನ್ನು ನೋಡಿ ಮುಂದಕ್ಕೆ ಹೋದರು.

ದೇಚಮ್ಮ ಬಂದು ನಮಸ್ಕರಿಸಿದರು. ಪೀಠದ ಮೇಲೆ ಒಂದು ಚೀಟಿ ಅಂಟಿಸಿತ್ತು. ಗುರುಗಳು ಕಣ್ಣು ಕಿರಿದು ಮಾಡಿ ಓದಿದರು.

"ಮಸೆಗಲ್ಲು. ಕಲಾವಿದ, ಅನಾಮಿಕ."

"ಅನಾಮಿಕ ಅಂದ್ರೇನು ತಾಯಿ?" ಅಂದರು ಗುರುಗಳು.

"ಹೆಸರಿಲ್ಲದವರು ಅಂತ. ನೀವು ಒಪ್ಪಿದರೆ ಅದರ ಬದಲು ನಿಮ್ಮ ಹೆಸರು ಹಾಕ್ತೀವಿ. ಅದನ್ನೇ ಕೇಳಬೇಕು ಅಂತಿದ್ದೆ."

"ಹೆಸರಿಲ್ಲದವರು ನಮ್ಮಲ್ಲಿ ಯಾರೂ ಇಲ್ಲ." ಗುರುಗಳ ದನಿ ಗಟ್ಟಿಯಾಯಿತು. "ಹೆಸರು ನಮಗೆ ಗೊತ್ತಿಲ್ಲದವರು ಇದಾರೆ. ಅವರಿಗೂ ಅವರಮ್ಮ ಹೆಸರಿಟ್ಟು ಕರೆದಿರ್ತಾಳೆ. ಗೊತ್ತಿಲ್ಲ ಅಂತಲೇ ಬರೀರಿ. ಅವಮಾನ ಮರೆತ ನಮಗಿರಲಿ, ಅವರಿಗೆ ಬೇಡ."

ದೇಚಮ್ಮ ಚೀಟಿಯನ್ನು ಕಿತ್ತರು.

"ಹಾಗಾದ್ರೆ ಇದನ್ನ ಮಾಡಿದವರು ಯಾರು ಅಂತ ಬರೀಲಿ?"

ಗುರುಗಳು ಶಿಷ್ಯನ ಕಡೆ ನೋಡಿದರು.

"ಯಾರೂ ಮಾಡಿಲ್ಲ," ಅಂದ ಕಾಳಪ್ಪ. "ಸವೆದಿದೆ, ಅಷ್ಟೇ."

"ಕೈ ಇಟ್ಟು ಹೇಳು."

ಕಾಳಪ್ಪ ಕೈ ಚಾಚಿದ. ಹಿಂದೆಯೇ ಬಂದಿದ್ದ ಹನೀಫ್ ಸಾಹೇಬರು ಓಡಿ ಬಂದರು.

"ಸಾರ್, ಸಾರ್! ಮುಟ್ಟಬಾರದು!"

"ಯಾರೂ ಮುಟ್ಟದೇ ಇದ್ದಿದ್ರೆ," ಅಂದರು ಗುರುಗಳು, "ಇದು ಇಲ್ಲಿಗೆ ಬರ್ತಾನೇ ಇರಲಿಲ್ಲವಲ್ಲಪ್ಪ."

ಹನೀಫ್ ಸಾಹೇಬರು ದೇಚಮ್ಮನವರ ಮುಖ ನೋಡಿದರು. ಅವರು ತಲೆಯಾಡಿಸಿದರು.

ಕಾಳಪ್ಪ ಕೈ ಇಟ್ಟ.

ಆ ಶಾಲೆಯಲ್ಲಿ ಒಂದು ಕಟ್ಟಳೆಯಿತ್ತು. ಸೇರಿದ ದಿನವೇ ಗುರುಗಳು ಶಿಷ್ಯನಿಗೆ ಮಸೆಗಲ್ಲಿನ ಮೇಲೆ ಒಂದು ಜಾಗ ತೋರಿಸುತ್ತಿದ್ದರು, ತಮಗೆ ಗೊತ್ತಿದ್ದ ಹಳಬರ ಜಾಗಗಳನ್ನೂ ಹೆಸರಿಟ್ಟು ಹೇಳುತ್ತಿದ್ದರು. ಅವನು ಇರುವವರೆಗೆ ಅವನ ಉಳಿಗಳನ್ನು ಅಲ್ಲೇ ಮಸೆಯಬೇಕು. ಇನ್ನೊಬ್ಬನ ಜಾಗದಲ್ಲಿ ಮಸೆದರೆ ಉಳಿಯ ಬಾಯಿ ಕೆಡುತ್ತದೆ. ಮೊದಲ ಎರಡು ವರ್ಷ ಹೊಸಬರಿಗೆ ಬೇರೆ ಕೆಲಸವೇ ಇಲ್ಲ. ಮಸೆಯುವುದು, ನೀರು ಹಾಕುವುದು, ಮತ್ತೆ ಮಸೆಯುವುದು.

ಎಡಕ್ಕೆ ವಾಲಿದ ಒಂದು ಅಗಲ ತಗ್ಗು ಕಾಳಪ್ಪನ ಅಂಗೈಗೆ ಸಿಕ್ಕಿತು.

"ಇದು ಎಡಗೈ ಬ್ರಹ್ಮಾಚಾರ್ರದು," ಅಂದ. "ನಿಮ್ಮ ಚಿಕ್ಕಪ್ಪ."

"ಬರ್ಕೊಳ್ಳಿ ತಾಯಿ," ಅಂದರು ಗುರುಗಳು.

ದೇಚಮ್ಮ ಪೆನ್ನು ತೆಗೆದರು.

"ಈ ಜೋಡಿ ಗೀರು ಗಂಗಾಧರ, ಜಟಾಧರ. ಅವಳಿಗಳು. ಜಾಗಕ್ಕೆ ಜಗಳ ಆಡ್ತಿದ್ರು ಅಂತ ನೀವೇ ಹೇಳಿದ್ರಿ. ನೋಡಿ, ಇಲ್ಲಿ ಒಬ್ಬರದು ಇನ್ನೊಬ್ಬರದರ ಮೇಲೆ ಹತ್ತಿದೆ." ಕೈ ಮುಂದೆ ಸರಿಯಿತು. "ಇದು ಆಳ ಇಲ್ಲ. ರುದ್ರಣ್ಣ. ಮೂರೇ ವರ್ಷ ಇದ್ದು ಬಸ್ ಕಂಡಕ್ಟರ್ ಆದ."

"ಅವನನ್ನೂ ಬರೀಬೇಕಾ?" ಕೇಳಿದರು ದೇಚಮ್ಮ.

"ಮೂರು ವರ್ಷ ಮಸೆದಿದಾನೆ," ಅಂದರು ಗುರುಗಳು.

ಮುಂದಿನದು ಅಗಲ, ನುಣುಪು, ತಟ್ಟೆಯಷ್ಟು ಸಮ. ಅದರಲ್ಲಿ ಕೈಯಿಟ್ಟು ಕಾಳಪ್ಪ ಏನೂ ಹೇಳಲಿಲ್ಲ. ಗುರುಗಳ ಹೆಸರನ್ನು ಶಿಷ್ಯ ಬಾಯಲ್ಲಿ ಹೇಳುವಂತಿರಲಿಲ್ಲ. ದೇಚಮ್ಮನವರಿಗೆ ಅರ್ಥವಾಯಿತು. ಬರೆದುಕೊಂಡರು.

ನಟ್ಟನಡುವೆ ಎಲ್ಲಕ್ಕಿಂತ ಆಳವಾದ ತಗ್ಗು. ಮೊಣಕೈವರೆಗೆ ಕೈ ಹಿಡಿಯುವಷ್ಟು ಉದ್ದ.

"ಇದು ಯಾರದು ಗುರುಗಳೇ?"

"ಗೊತ್ತಿಲ್ಲ. ನಮ್ಮ ಗುರುಗಳಿಗೂ ಗೊತ್ತಿರಲಿಲ್ಲ."

ದೇಚಮ್ಮ 'ಗೊತ್ತಿಲ್ಲ' ಎಂದು ಬರೆದರು. ದೊಡ್ಡ ಅಕ್ಷರದಲ್ಲಿ ಬರೆದರು.

ಕಾಳಪ್ಪನ ಬೆರಳು ಮೂಲೆಗೆ ಬಂತು. ಅಲ್ಲೊಂದು ಕಿರಿದಾದ ಗೀರು. ಆಭರಣ ಕೆತ್ತುವ ಸಣ್ಣ ಉಳಿ ಮಾತ್ರ ಹಿಡಿಯುವಂಥದು. ಬೆರಳ ತುದಿ ಅದರೊಳಗೆ ಇಳಿಯಿತು, ತನ್ನ ಮನೆಯ ಬಾಗಿಲು ಹೊಕ್ಕ ಹಾಗೆ.

ಅವನು ಬಗ್ಗಿದ. ಇಷ್ಟು ವರ್ಷ ಕೆಸರು ತುಂಬಿಕೊಂಡೇ ಇದ್ದದ್ದನ್ನು ಈಗ ದೀಪದ ಬೆಳಕಿನಲ್ಲಿ ನೋಡಿದ.

ಗೀರಿನ ಮೇಲಂಚು ಸೊಟ್ಟಗಿತ್ತು. ಕೊನೆಯಲ್ಲಿ ಬಲಕ್ಕೆ ಬಾಗಿತ್ತು. ಕೊನೆಗೆ ಮಣಿಕಟ್ಟು ಎತ್ತುವ ಹುಚ್ಚು ಚಟ ಅವನಿಗೆ ಹದಿನೈದನೆಯ ವಯಸ್ಸಿನಲ್ಲಿತ್ತು. ಅದಕ್ಕಾಗಿ ಗುರುಗಳು ಮಣಿಕಟ್ಟಿನ ಮೇಲೆ ಎಷ್ಟು ಸಲ ಹೊಡೆದಿದ್ದರೋ. ಕೆಳಗೆ ಕೆಳಗೆ ಹೋದಂತೆ ಆ ಬಾಗು ಕಡಿಮೆಯಾಗಿತ್ತು. ತಳದಲ್ಲಿ ಗೀರು ನೇರ. ಕೆಂಪು ಚಿತ್ರದ ಗೆರೆಯಷ್ಟೇ ನೇರ.

ಹದಿನಾಲ್ಕು ವರ್ಷ ಅಲ್ಲಿ ಪದರ ಪದರವಾಗಿ ಕೂತಿತ್ತು. ಯಾರಿಗೂ ತೋರಿಸಬೇಕೆಂದು ಅವನು ಅದನ್ನು ಮಾಡಿರಲಿಲ್ಲ.

ಕಾಳಪ್ಪ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.

"ಅದು ಯಾರದು?" ಅಂದರು ದೇಚಮ್ಮ.

ಕಾಳಪ್ಪ ತಲೆ ತಗ್ಗಿಸಿದ. "ಬಿಡಿ ಮೇಡಂ. ಸಣ್ಣದು."

"ಹೆಸರು ಹೇಳೋಕೆ ನಾಚಿಕೆಯೋ?" ಗುರುಗಳು ಗದರಿದರು. "ನಿನ್ನೆವರೆಗೆ ಇರಲಿಲ್ಲ. ಊರಿಗೆಲ್ಲ ದಾರ ತೂರಿಸಿ ತೋರಿಸ್ತಿದ್ದೆ. ನಿಂದಲ್ಲದ್ದಕ್ಕೆ ಹೆಸರು ಕೇಳೋದೂ ತಪ್ಪು, ನಿಂದಕ್ಕೆ ಹೆಸರು ಮುಚ್ಚಿಡೋದೂ ತಪ್ಪು. ನೆಟ್ಟಗೆ ನಿಂತು ಹೇಳು."

ಅವನು ನೆಟ್ಟಗೆ ನಿಂತ.

"ಕಾಳಪ್ಪ. ಮೌನೇಶಾಚಾರ್ಯರ ಶಿಷ್ಯ." ಹೇಳಿದ ಮೇಲೆ ಗುರುಗಳ ಹೆಸರು ಬಾಯಿಂದ ಬಂತೆಂದು ಹೊಳೆದು ನಾಲಿಗೆ ಕಚ್ಚಿಕೊಂಡ. ಗುರುಗಳು ಕೇಳಿಸದವರ ಹಾಗೆ ಇದ್ದುಬಿಟ್ಟರು.

ದೇಚಮ್ಮ ಬರೆದುಕೊಂಡರು. ಕಾಳಪ್ಪ ಇನ್ನೂ ನಿಂತೇ ಇದ್ದ. ಇಷ್ಟು ದಿನ ಒಳಗೆ ಕುದಿಯುತ್ತಿದ್ದದ್ದನ್ನು ಈಗ ಕೇಳದೆ ಇರಲು ಅವನಿಂದ ಆಗಲಿಲ್ಲ.

"ಮೇಡಂ, ನನ್ನ ಚಾಮರಧಾರಿಣಿ ಯಾಕೆ ಬೇಡ ಆಯ್ತು? ನಿಜ ಹೇಳಿ."

ದೇಚಮ್ಮ ಪೆನ್ನು ಮುಚ್ಚಿದರು.

"ಅವಳಲ್ಲಿ ಒಂದು ತಪ್ಪೂ ಇಲ್ಲ. ಆದರೆ ನಾನು ಅವಳನ್ನ ಮೊದಲೇ ನೋಡಿದ್ದೆ. ಎಂಟುನೂರು ವರ್ಷದ ಹಳೇ ಗುಡಿಗಳ ಗೋಡೆ ಮೇಲೆ. ಅವಳ ಮುಂದೆ ನಿಂತಾಗ ನನಗೆ ಆ ಶಿಲ್ಪಿಗಳು ನೆನಪಾದರು. ನೀವು ನೆನಪಾಗಲಿಲ್ಲ."

ಮಾತು ನೇರವಾಗಿತ್ತು. ನೇರವಾಗಿಯೇ ಇಳಿಯಿತು. ಕಾಳಪ್ಪ ಗುರುಗಳ ಕಡೆ ತಿರುಗಿದ.

"ನಿಮಗೂ ಹಾಗೇ ಅನ್ನಿಸಿತ್ತಾ?"

"ಹೂಂ."

"ಎರಡು ವರ್ಷ ಏಳು ತಿಂಗಳು! ಒಂದು ಮಾತು ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ. ತೋರಿಸಿದೆ. ತೋರಿಸೋನಿಗೆ ತಲೆಯಾಡಿಸಬಹುದು, ಅಷ್ಟೇ."

ಕಾಳಪ್ಪ ಕಲ್ಲಿನ ಮೂಲೆಯ ಗೀರಿನ ಕಡೆ ನೋಡಿದ.

"ಅವಳನ್ನ ಏನು ಮಾಡಲಿ?"

"ನಮ್ಮೂರ ಗುಡಿಯವರು ಅವಳನ್ನ ಕೇಳಿದಾರೆ, ಕೊಡು. ಸಂಕೋಚ ಬೇಡ. ನಮ್ಮ ಶಾಲೆ ಹುಡುಗನ ಕೈ ಎಂಥದು ಅಂತ ಹೋಗಿ ಬರೋರಿಗೆ ಅವಳೇ ಹೇಳ್ತಾಳೆ. ಕೈ ಬಂತು ಕಾಳಪ್ಪ. ಆ ವಿಷಯ ಮುಗೀತು. ಇನ್ನು ಆ ಕೈಲಿ ಏನು ಮಾಡ್ತೀಯ ಅನ್ನೋದು ಮಾತ್ರ ಬಾಕಿ."

ಹದಿನಾಲ್ಕು ವರ್ಷದಲ್ಲಿ ಗುರುಗಳ ಬಾಯಿಂದ ಅವನ ಕೈಯ ಬಗ್ಗೆ ಬಂದ ಮೊದಲ ಮಾತು ಅದು. ಕಾಳಪ್ಪ ತನ್ನ ಅಂಗೈ ನೋಡಿಕೊಂಡ. ಕಲ್ಲಿನ ತಂಪು ಇನ್ನೂ ಅದರಲ್ಲಿತ್ತು.

ಅಪ್ಪಣೆ ಕೇಳಬೇಕಾದ ಹೊತ್ತು ಅದೇ. ಗುರುಗಳು ಕಾಯುತ್ತ ನಿಂತಿದ್ದರು. ಅವನು ಕೇಳಲಿಲ್ಲ.

ದೇಚಮ್ಮ ಗಂಟಲು ಸರಿಮಾಡಿಕೊಂಡರು.

"ಯಜಮಾನರೇ, ಇನ್ನೊಂದು ಮಾತು. ಪ್ರದರ್ಶನ ಮುಗಿದಮೇಲೂ ಈ ಕಲ್ಲು ಇಲ್ಲೇ ಉಳಿದರೆ ಚೆನ್ನ. ಶಾಶ್ವತವಾಗಿ. ಗಾಜಿನ ಪೆಟ್ಟಿಗೆಯಲ್ಲಿಡ್ತೀವಿ. ಇದರ ಮೇಲೆ ಇನ್ನೊಂದು ಗೀರೂ ಬೀಳದ ಹಾಗೆ ನೋಡ್ಕೊಳ್ತೀವಿ."

ಗುರುಗಳು ಉತ್ತರ ಕೊಡುವ ಮೊದಲೇ ಕಾಳಪ್ಪ ಕಲ್ಲಿಗೂ ದೇಚಮ್ಮನವರಿಗೂ ನಡುವೆ ಬಂದು ನಿಂತಿದ್ದ.

"ಆಗಲ್ಲ ಮೇಡಂ. ವಾಪಸ್ ಕಳಿಸಬೇಕು."

"ಯಾಕೆ? ಇದನ್ನ ಇಲ್ಲಿಡೋದು ನಿಮಗೇ ಹೆಮ್ಮೆ ಅಲ್ವಾ?"

"ಹೆಮ್ಮೆಯೇ. ಅದಕ್ಕೇ ಹೇಳ್ತಿರೋದು. ಅರ್ಧ ಮಾಡಿದ ಕೆಲಸನ ನಮ್ಮ ಶಾಲೆಯವರು ಇಟ್ಟು ಹೋಗಲ್ಲ. ಇದಿನ್ನೂ ಆಗಿಲ್ಲ."

ದೇಚಮ್ಮ ಶಿಷ್ಯನನ್ನು ನೋಡಿದರು, ಕಲ್ಲನ್ನು ನೋಡಿದರು. ಅವರ ತುಟಿಯಂಚಿನಲ್ಲಿ ನಗು ಮೂಡಿತು. ಗುರುಗಳ ಕಡೆ ತಿರುಗಿದರು.

"ನೀವೇ ಹೇಳಿ ಆಚಾರ್ಯರೇ. ಇದು ಆಗೋದು ಯಾವಾಗ?"

ಮೌನೇಶಾಚಾರ್ಯರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಬಾಗಿಲ ಕಡೆ ಹೊರಟಿದ್ದರು. ತಿರುಗಿ ನೋಡದೆಯೇ ಅಂದರು:

"ನನ್ನನ್ಯಾಕೆ ಕೇಳ್ತೀರಿ ತಾಯಿ? ಮಾಡ್ತಿರೋನು ನಿಮ್ಮೆದುರಿಗೇ ನಿಂತಿದಾನಲ್ಲ."